ತೌಡಪ್ಪನ ಮಗನಿಗೊಂದು ಹೆಸರು

ರಾತ್ರಿ ಎರಡರ ಸುಮಾರಿಗೆ ಒಳಕೋಣೆಯಲ್ಲಿ ಬಳೆಗಳು ಒಮ್ಮೆ ಕಿಣಿಕ್ಕೆಂದವು. ಅಷ್ಟೇ. ಆ ಸದ್ದಿಗೆ ಬೆಕ್ಕು ಕೂಡ ಕಿವಿ ಎತ್ತಲಿಲ್ಲ. ಆದರೆ ಪಡಸಾಲೆಯಲ್ಲಿ ಮಲಗಿದ್ದ ತೌಡಪ್ಪ ಚೇಳು ಕುಟುಕಿದವನಂತೆ ಎದ್ದು ಕುಳಿತ. ಮದುವೆಯಾಗಿ ಎಂಟು ವರ್ಷಕ್ಕೆ ಹೆಂಡತಿ ಸತ್ಯವ್ವ ಬಸುರಾಗಿದ್ದಳು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಹೆರಿಗೆ ಗಂಡನ ಊರು ಹುನಗುಂದದಲ್ಲೇ ಎಂದು ನಿಶ್ಚಯವಾಗಿತ್ತು. ಹದಿನೈದು ದಿನಗಳಿಂದ ಅವನು ಒಂದು ಕಿವಿಯನ್ನು ತೆರೆದಿಟ್ಟುಕೊಂಡೇ ನಿದ್ದೆ ಮಾಡುತ್ತಿದ್ದ.

“ಏನ್ರಿ,” ಎಂದಳು ಸತ್ಯವ್ವ ಕತ್ತಲಲ್ಲಿ. “ಗಾಬರಿ ಆಗಬ್ಯಾಡ್ರಿ.”

ಅವನು ಗಾಬರಿಯಾಗಲು ಆ ಮಾತೇ ಸಾಕಾಯಿತು. ಅಂಗಿಯನ್ನು ಹಿಂದುಮುಂದಾಗಿ ತೊಟ್ಟು ಎದುರು ಮನೆಗೆ ಓಡಿದ. ಅಲ್ಲಿ ಟಾಂಗಾ ಹೊಡೆಯುವ ಸುಭಾನಸಾಬ ಇದ್ದ. “ಕುದುರಿ ಈಗರ ಮಲಗೇತೋ,” ಎಂದು ಅವನು ಕಣ್ಣುಜ್ಜುವಷ್ಟರಲ್ಲಿ ತೌಡಪ್ಪ ಅವನ ಎರಡೂ ಕೈ ಹಿಡಿದು, “ಕಾಕಾ, ಗಂಡು ಹುಟ್ಟಿದರ ನಿಮ್ಮ ಹೆಸರ ಇಡತೇನಿ, ಎಬ್ಬಸ್ರಿ ಅದನ್ನ!” ಎಂದ. ಕುದುರೆ ಎದ್ದಿತು.

ಟಾಂಗಾ ದವಾಖಾನೆ ಮುಟ್ಟುವ ಹೊತ್ತಿಗೆ ಊರಿಗೆಲ್ಲ ಕರೆಂಟು ಹೋಗಿತ್ತು. ದವಾಖಾನೆಯ ಗೇಟು ಕಾಯುವ ಕನಕಪ್ಪ ಬಾಗಿಲು ತೆರೆದದ್ದಷ್ಟೇ ಅಲ್ಲ, ಬರಿಗಾಲಲ್ಲಿ ಡಾಕ್ಟರಬಾಯಿಯ ಮನೆಗೆ ಓಡಿ ಅವರನ್ನು ಕರೆತಂದ. “ಕನಕಪ್ಪಣ್ಣಾ, ಗಂಡಾದರ ನಿನ್ನ ಹೆಸರ!” ಎಂದು ತೌಡಪ್ಪ ಅವನ ಬೆನ್ನ ಹಿಂದೆ ಕೂಗಿದ. ದೀಪ ಬೇಕೆಂದಾಗ ಹತ್ತಿರವೇ ಇದ್ದ ಹೆಡ್‌ಮಾಸ್ತರ ಗುರಲಿಂಗಪ್ಪನವರ ಬಾಗಿಲು ಬಡಿದ. ಅವರು ಧೋತರದಲ್ಲೇ ಪೆಟ್ರೋಮ್ಯಾಕ್ಸ್ ಹಿಡಿದು ಬಂದು, ಬೆಳಗಿನವರೆಗೆ ಕಿಟಕಿಯ ಹೊರಗೆ ಅದನ್ನು ಎತ್ತಿ ಹಿಡಿದು ನಿಂತರು. ಅವರ ಕೈ ನಡುಗುವುದನ್ನು ಕಂಡು ತೌಡಪ್ಪನ ಕಣ್ಣು ತುಂಬಿತು. “ಸರ್, ನಿಮ್ಮ ಹೆಸರ ಇಡತೇನ್ರಿ.”

ಬೆಳಕು ಹರಿಯಿತು. ಗಂಡುಮಗು ಹುಟ್ಟಿತು. ಬೆಳಗಾದ ಮೇಲೆ ಊದಿ ಆರಿಸುವ ದೀಪದಂತೆ ಮೂರು ಮಾತುಗಳೂ ತೌಡಪ್ಪನ ತಲೆಯಿಂದ ಆರಿಹೋದವು.

ಮಗನ ಹೆಸರನ್ನು ಅವನು ಎಂದೋ ಆರಿಸಿಟ್ಟುಕೊಂಡಿದ್ದ. ಅದಕ್ಕೆ ಕಾರಣ ಅವನ ಸ್ವಂತ ಹೆಸರು.

ತೌಡಪ್ಪನಿಗಿಂತ ಮೊದಲು ಅವನ ತಾಯಿಗೆ ಹುಟ್ಟಿದ್ದ ಮೂರು ಗಂಡುಕೂಸುಗಳು ತಿಂಗಳು ತುಂಬುವ ಮುಂಚೆಯೇ ತೀರಿಕೊಂಡಿದ್ದವು. ನಾಲ್ಕನೆಯವನು ಹುಟ್ಟಿದ ನಸುಕಿನಲ್ಲಿ ಆಕೆ ಕೂಸನ್ನು ಮೊರದಲ್ಲಿಟ್ಟುಕೊಂಡು ಹೋಗಿ ಪಕ್ಕದ ಮನೆಯ ಹನಮವ್ವನಿಗೆ ಮಾರಿಬಿಟ್ಟಳು. ಬೆಲೆ ಒಂದು ಬೊಗಸೆ ತೌಡು. ಹನಮವ್ವ ಮರುಗಳಿಗೆಯಲ್ಲೇ ಕೂಸನ್ನು ಸಾಕಲೆಂದು ತಾಯಿಯ ಕೈಗೇ ಕೊಟ್ಟಳು. ತೌಡಿಗೆ ಬಿಕರಿಯಾದ ಕೂಸನ್ನು ಜವರಾಯ ಮೂಸಿಯೂ ನೋಡುವುದಿಲ್ಲ ಎಂಬ ನಂಬಿಕೆ. ಯಾವುದಕ್ಕೆ ಕೊಂಡರೋ ಅದರ ಹೆಸರನ್ನೇ ಇಡಬೇಕು, ಇಲ್ಲವಾದರೆ ಜವರಾಯನಿಗೆ ಗುಟ್ಟು ತಿಳಿದುಹೋಗುತ್ತದೆ ಎಂಬುದು ನೇಮ.

ಕೂಸು ಬದುಕಿತು. ಹೆಸರೂ ಬದುಕಿತು. ಶಾಲೆಗೆ ಹೋಗುವಾಗ ಹುಡುಗರು, “ತೌಡಪ್ಪಾ, ಎಮ್ಮಿ ಬಂತು, ಓಡೋ!” ಎನ್ನುತ್ತಿದ್ದರು. ಮದುವೆಯ ಊಟದಲ್ಲಿ, “ಇವರನ್ನ ದನದ ಕೊಟಗಿ ಕಡೆ ಕುಂಡರಸಬ್ಯಾಡ್ರಿ,” ಎನ್ನುತ್ತಿದ್ದರು. ಈಗ ಮೂವತ್ತನಾಲ್ಕರ ವಯಸ್ಸಿನಲ್ಲಿ, ಊರಿನ ಹೈಸ್ಕೂಲಿನ ಗುಮಾಸ್ತನಾದ ಮೇಲೂ, ಅವನು ಬೇವಿನ ಕಟ್ಟೆ ದಾಟುವಾಗ ಯಾವನಾದರೊಬ್ಬ ಹುಡುಗ ಮರೆಯಿಂದ, “ಸರ್, ಎಮ್ಮಿ ಬಂತ್ರಿ!” ಎಂದು ಕೂಗಿಯೇ ಕೂಗುತ್ತಿದ್ದ.

ಹೊಸ ಹುಡುಗರ ಹೆಸರನ್ನು ರಜಿಸ್ಟರಿಗೆ ಬರೆಯುವುದು ಅವನದೇ ಕೆಲಸ. ತಿಪ್ಪಣ್ಣ, ಅಡಿವೆಪ್ಪ ಎಂದು ತನ್ನದರಂಥ ಹೆಸರು ಬಂದರೆ ಅವನು ಅಕ್ಷರವನ್ನು ಮೃದುವಾಗಿ ಬರೆಯುತ್ತಿದ್ದ. ಕಲೆಕ್ಟರರ ಜೀಪು ಬಂದ ದಿನ ಹುಟ್ಟಿದ್ದಕ್ಕೆ ಕಲೆಕ್ಟರಪ್ಪ ಎಂದಾಗಿದ್ದ ಹುಡುಗನೊಬ್ಬ ಮೂರು ಸಲ ನಪಾಸಾದಾಗ ಅವನ ಜೊತೆ ತಾನೂ ಅತ್ತಿದ್ದ. ತನ್ನ ಮಗನಿಗೆ ಮಾತ್ರ ಯಾರೂ ನಗಲಾರದ ಹೆಸರು ಇಡಬೇಕು ಎಂದು ಪಣ ತೊಟ್ಟಿದ್ದ. ರಮೇಶ ಎಂಬ ಹೆಸರನ್ನು ಬಿಟ್ಟ. ಶಾಲೆಯಲ್ಲಿ ಆಗಲೇ ಗಿಡ್ಡ ರಮೇಶ, ಸೊಟ್ಟ ರಮೇಶ, ಸುಂಬಳದ ರಮೇಶ ಇದ್ದರು. ಎಂಟು ವರ್ಷ ಹುಡುಕಿ ಕೊನೆಗೆ ‘ಪ್ರಶಾಂತ’ದಲ್ಲಿ ನಿಂತಿದ್ದ. ತಾಲೂಕಿನಲ್ಲೇ ಆ ಹೆಸರಿನವರು ಇರಲಿಲ್ಲ. ಎತ್ತ ಕಡೆಯಿಂದ ಜಗ್ಗಿದರೂ ಅದು ಕಿತ್ತು ಬರುತ್ತಿರಲಿಲ್ಲ. ರಜಿಸ್ಟರಿನ ಕೊನೆಯ ಹಾಳೆಯಲ್ಲಿ ಪೆನ್ಸಿಲಿನಿಂದ ಅದನ್ನು ಬರೆದು ನೋಡಿ, ಖುಷಿಪಟ್ಟು, ಅಳಿಸಿದ್ದ.

ಹದಿಮೂರನೆಯ ದಿನ ತೊಟ್ಟಿಲು. ಬೆಳಗಿನ ಎಂಟಕ್ಕೇ ಎದುರು ಮನೆಯಿಂದ ಸುಭಾನಸಾಬ ಬಂದ. ಕೈಯಲ್ಲಿ ತೊಳೆದು ಬೆಳಗಿದ, ಕುದುರೆಯ ಕೊರಳಿನ ಹಿತ್ತಾಳೆ ಗೆಜ್ಜೆಯೊಂದು ಥಳಥಳಿಸುತ್ತಿತ್ತು.

“ಸುಭಾನಪ್ಪ ಎದ್ದಾನೇನು?”

“ಯಾವ ಸುಭಾನಪ್ಪ ಕಾಕಾ?” ಎಂದ ತೌಡಪ್ಪ. ಎಂದವನೇ ಗೋಡೆಗೆ ಒರಗಿದ.

“ನಿನ್ನ ಮಗನಪಾ! ನನಗ ಐದೂ ಹೆಣ್ಣು. ನನ್ನ ಹೆಸರು ಟಾಂಗಾದ ಹಿಂದಿನ ಹಲಗಿ ಮ್ಯಾಲ ಬಿಟ್ಟರ ಎಲ್ಲೂ ಉಳಿಯೂದಿಲ್ಲ ಅಂತಿದ್ದೆ. ಭಾಳ ದೊಡ್ಡ ಮನಸು ಮಾಡಿದಿ.”

ಇಂಥವನಿಗೆ ಇಲ್ಲ ಎನ್ನುವುದು ಹೇಗೆ? ತೊಡೆಯ ಮೇಲೆ ಹಾಕಿಕೊಂಡು ತಟ್ಟಿ ಮಗುವನ್ನು ಮಲಗಿಸುತ್ತಿದ್ದ ಸತ್ಯವ್ವ ಒಳಗಿನಿಂದಲೇ ಗಂಡನ ಮುಖ ನೋಡಿದಳು. ಸುಭಾನಸಾಬ ಕುದುರೆಗೆ ನೀರು ಕುಡಿಸಲು ಆಚೆ ಹೋದದ್ದೇ ತಡ, ಕನಕಪ್ಪ ಒಳಬಂದ. ತಾನೇ ಕುಳಿತು ನೇಯಿಸಿಕೊಂಡು ಬಂದಿದ್ದ ಕೂಸಿನಳತೆಯ ಕರಿಕಂಬಳಿಯನ್ನು ತೌಡಪ್ಪನ ಕೈಗಿಟ್ಟ.

“ಗೇಟಿನ್ಯಾಗ ನಿಂತವಗ ಮಂದಿ ಬೈಗುಳ ಬಿಟ್ಟು ಬ್ಯಾರೆ ಏನೂ ಕೊಡೂದಿಲ್ಲ ತೌಡಪ್ಪಣ್ಣಾ. ನೀ ಹೆಸರ ಕೇಳಿದಿ. ನಮ್ಮವ್ವಗ ಹೇಳಿದೆ, ಬೀರಪ್ಪಗ ಕಾಯಿ ಒಡಿಸಿದ್ಲು.”

ಅವನು ತೊಟ್ಟಿಲ ಹಗ್ಗ ತರಲು ಹೋದ ಮೇಲೆ, ಹತ್ತಕ್ಕೆ, ಗುರಲಿಂಗಪ್ಪನವರೇ ಬಂದರು. ಅವರ ಮೂವರು ಗಂಡುಮಕ್ಕಳು ತಮ್ಮ ಮಕ್ಕಳಿಗೆ ಸಿನಿಮಾದ ಹೆಸರಿಟ್ಟು, ಅಜ್ಜನ ಹೆಸರನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದಿದ್ದರು. “ಕಡೀಕ ನಮ್ಮ ಗುಮಾಸ್ತರು ಉಳಿಸಿದ್ರು,” ಎಂದು ಅವರು ಮೂಗೊರೆಸಿಕೊಂಡಾಗ ತೌಡಪ್ಪನಿಗೆ ಹಿತ್ತಲ ಬಾವಿ ಎಷ್ಟು ಆಳವಿದೆ ಎಂಬ ಯೋಚನೆ ಬಂತು.

ಬಾವಿಗೆ ಹೋಗಲಿಲ್ಲ. ಹಿತ್ತಲಲ್ಲಿ ನಿಂತಿದ್ದಾಗ ಉಪಾಯವೊಂದು ಹೊಳೆಯಿತು. ತೊಟ್ಟಿಲಿಗೆ ಹಾಕುವಾಗ ಕೂಸಿನ ಸೋದರತ್ತೆ ಮೊದಲು ಅದರ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರನ್ನು ಪಿಸುಗುಟ್ಟುತ್ತಾಳೆ. ಆಮೇಲೆ ಗಟ್ಟಿಯಾಗಿ ಕರೆಯುತ್ತಾಳೆ. ಕಿವಿಯಲ್ಲಿ ಹೇಳಿದ್ದು ಯಾರಿಗೆ ಕೇಳುತ್ತದೆ? ಕೂಸಿಗೆ ಮಾತ್ರ. ಕೂಸು ಸಾಕ್ಷಿ ಹೇಳಲು ಇನ್ನೂ ಎರಡು ವರ್ಷವಾದರೂ ಬೇಕು.

ಒಬ್ಬೊಬ್ಬರನ್ನೇ ಮೂಲೆಗೆ ಕರೆದ. “ಕಾಕಾ, ಕಿವ್ಯಾಗ ಹೇಳೂ ಹೆಸರು ನಿಮ್ಮದು. ಖರೇ ಹೆಸರು ಅದ. ಹೊರಗ ಕರಿಯೂದು ಬ್ಯಾರೆ. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ, ಕೂಸಿಗೆ ದೃಷ್ಟಿ ಆಗತೈತಿ.” ಸುಭಾನಸಾಬ ಬಾಯಿಗೆ ಬೀಗ ಹಾಕಿದಂತೆ ಬೆರಳು ತಿರುವಿದ. ಕನಕಪ್ಪ ಹಣೆಗೆ ಹಚ್ಚಿದ್ದ ಬೀರಪ್ಪನ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿದ. ಹೆಡ್‌ಮಾಸ್ತರರು, “ಕಾನ್ಫಿಡೆನ್ಶಿಯಲ್,” ಎಂದು ತಲೆಯಾಡಿಸಿದರು.

ಉಳಿದವಳು ಸೋದರತ್ತೆ. ತಂಗಿ ಸಾವಂತ್ರವ್ವ ಬೇವೂರಿನಿಂದ ಬೆಳಗಿನ ಬಸ್ಸಿಗೆ ಬಂದು ಹಂಚಲು ಕಾಳಿನ ಗುಗ್ಗರಿ ಕುದಿಸುತ್ತಿದ್ದಳು.

“ಮೂರು ಸಲ ಕುರ್ರ್ ಅನಬೇಕೇನೋ ಅಣ್ಣಾ? ಎಲ್ಲರೂ ಒಂದ ಸಲ ಅಂತಾರ.”

“ಮೂರು ಸಲ ಅನ್ನು. ಸಣ್ಣದಾಗಿ. ಸುಭಾನಪ್ಪ, ಕನಕಪ್ಪ, ಗುರಲಿಂಗಪ್ಪ. ಆಮ್ಯಾಲ ಗಟ್ಟಿಯಾಗಿ ಪ್ರಶಾಂತ. ಇಲಕಲ್ ಸೀರಿ, ತೋಪತೆನಿ ಸೆರಗಿಂದು, ನಾಳೆ ನಾನ ಹೋಗಿ ತರತೇನಿ.”

ಸಾವಂತ್ರವ್ವ ಸೀರೆಯ ಬಣ್ಣ ಕೇಳಿ ಒಪ್ಪಿದಳು. ಒಲೆಯ ಮುಂದೆ ಸೌಟು ತಿರುವುತ್ತ ನಾಲ್ಕೂ ಹೆಸರನ್ನು ಮಗ್ಗಿಯಂತೆ ಬಾಯಿಪಾಠ ಮಾಡತೊಡಗಿದಳು.

ತೌಡಪ್ಪ ಒಂದು ಸಂಗತಿ ಮರೆತಿದ್ದ. ಸೋದರತ್ತೆ ‘ಕುರ್ರ್’ ಎಂದಾಗ ಹಿಂದೆ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದಬೇಕು. ಅದು ಪದ್ಧತಿ. ಗುದ್ದು ಬಿದ್ದಷ್ಟೂ ಕೂಸಿಗೆ ಆಯುಷ್ಯ. ಹುನಗುಂದದ ಆ ಓಣಿಯ ಹೆಂಗಸರೋ, ದಿನಾ ಎರಡು ಹೊತ್ತು ರೊಟ್ಟಿ ಬಡಿದು ಕೈ ಗಟ್ಟಿ ಮಾಡಿಕೊಂಡವರು.

ಮೂವರು ಹಿರಿಯರು ಜಮಖಾನೆಯ ಮೇಲೆ ಸಾಲಾಗಿ ಕುಳಿತಿದ್ದರು. ಒಬ್ಬರನ್ನೊಬ್ಬರು ನೋಡಿ, ಗುಟ್ಟು ತನಗೊಬ್ಬನಿಗೇ ಗೊತ್ತು ಎಂಬ ಗತ್ತಿನಲ್ಲಿ ಮುಗುಳ್ನಗುತ್ತಿದ್ದರು. ಹನಮವ್ವ ಎಪ್ಪತ್ತೈದು ವರ್ಷದ ಬೆನ್ನು ಬಾಗಿಸಿಕೊಂಡು ತೊಟ್ಟಿಲ ಕಾಲಿನ ಬಳಿ ಕುಳಿತಿದ್ದಳು. ತೌಡಪ್ಪನನ್ನು ಕೊಂಡವಳು ಎಂಬ ಹಕ್ಕಿನಿಂದ ಆಕೆ ಆ ಮನೆಯ ಎಲ್ಲ ಕಾರ್ಯಕ್ಕೂ ಯಜಮಾನಿ. ಸತ್ಯವ್ವ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಹೊಸ್ತಿಲ ಬಳಿ ನಿಂತಳು. ಸಾವಂತ್ರವ್ವ ಬಗ್ಗಿದಳು.

“ಕುರ್ರ್...”

ಧಬ್, ಧಬ್, ಧಬ್! ಹೆಂಗಸರು ನಗುತ್ತ ಹಿಂದೆ ಸರಿದು, ಹೆಸರು ಕೇಳಲು ಕಿವಿಗೊಟ್ಟರು. ಸಾವಂತ್ರವ್ವ ಬಗ್ಗಿಯೇ ಇದ್ದಳು.

“ಕುರ್ರ್...”

ಹೆಂಗಸರು ಮುಖ ಮುಖ ನೋಡಿಕೊಂಡರು. ಆದರೂ ಪದ್ಧತಿ ಪದ್ಧತಿಯೇ. ಮುಂದೆ ನುಗ್ಗಿದರು. ಈ ಸಲ ಹಿಂದಿನ ಸಾಲಿನವರೂ ಸೇರಿದರು. ಬಿದ್ದ ಗುದ್ದಿಗೆ ಗೋಡೆಯ ಮೇಲಿನ ಕ್ಯಾಲೆಂಡರು ಕೂಡ ಒಮ್ಮೆ ಹಾರಿ ಕುಳಿತಿತು. ಸಾವಂತ್ರವ್ವ ಚೀರುತ್ತ ಎದ್ದು ನಿಂತಳು.

“ಸಾಕ್ರೇ ಯವ್ವಾ! ಜೀವ ತಗೀತೀರೇನು? ಸುಭಾನಪ್ಪ ಆತು, ಕನಕಪ್ಪ ಆತು, ಇನ್ನ ಗುರಲಿಂಗಪ್ಪ ಒಬ್ಬ ಉಳದಾನ. ಆಮ್ಯಾಲ ಪ್ರಶಾಂತಂತ ಒದರೂದೈತಿ. ಏ ಅಣ್ಣಾ, ಒಂದ ಸೀರಿಗೆ ಇಷ್ಟು ಏಟು ನನಗ ಪರವಡಿಸೂದಿಲ್ಲೋ!”

ಗುಗ್ಗರಿಯ ಮೇಲಿನ ನೊಣ ಹಾರಿದ್ದೂ ಕೇಳಿಸಿತು.

ಜಮಖಾನೆಯ ಮೇಲಿನ ಮೂವರೂ ನಿಧಾನವಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಮೂವರೂ ಒಟ್ಟಿಗೆ ತೌಡಪ್ಪನನ್ನು ನೋಡಿದರು. ಎದ್ದು, ಚಪ್ಪಲಿ ಮೆಟ್ಟಿ, ಅಂಗಳದ ಆಚೆ ಟಾಂಗಾದ ಕಡೆ ಹೋದರು. ಹನಮವ್ವ ಕೋಲೂರಿಕೊಂಡು ಅವರ ಹಿಂದೆ ಹೋದಳು.

ತೌಡಪ್ಪ ಕಂಬ ಹಿಡಿದು ನಿಂತ. ಆ ರಾತ್ರಿಯ ಕುದುರೆಯ ಗೊರಸಿನ ಸದ್ದು, ಬರಿಗಾಲಿನ ಓಟ, ನಡುಗುವ ಕೈಯಲ್ಲಿನ ದೀಪ ಎಲ್ಲ ನೆನಪಾದವು. ಆ ಮೂವರಿಲ್ಲದಿದ್ದರೆ ಈ ದಿನ ಈ ಮನೆಯಲ್ಲಿ ತೊಟ್ಟಿಲು ಇರುತ್ತಿರಲಿಲ್ಲ. ಅವರಿಗೇ ಮೋಸ ಮಾಡಿದೆನಲ್ಲ ಎಂದು ಅವನು ಹಣೆಯನ್ನು ಕಂಬಕ್ಕೆ ಒತ್ತಿದ. ಹೊರಗೆ ಏನೋ ಗುಸುಗುಸು ನಡೆದಿತ್ತು. ಕನಕಪ್ಪನ ಧ್ವನಿ ಏರಿತು. ಹೊಡೆಯಲು ಬಾರಕೋಲು ತರುತ್ತಿರಬೇಕು ಎಂದುಕೊಂಡು ಅವನು ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಮೂವರೂ ಬಾಗಿಲಲ್ಲಿ ನಿಂತಿದ್ದರು. ಮೂವರ ಕಣ್ಣಲ್ಲೂ ನೀರು. ನಕ್ಕು ನಕ್ಕು ಬಂದ ನೀರು.

“ಏನ ಮನಶ್ಯಾನೋ ನೀ,” ಎಂದ ಸುಭಾನಸಾಬ. “ಕೇಳಿದ್ದರ ನಾವ ಬಿಟ್ಟಕೊಡತಿದ್ದಿವಿ. ಹೆಣಮಗಳು ಬ್ಯಾನಿ ತಿನ್ನೂ ಹೊತ್ತಿನ್ಯಾಗ ಗಂಡಸು ಆಡಿದ ಮಾತು ಯಾರರ ಹಿಡೀತಾರೇನು?”

“ಕೂಸಿಗೆ ಮೂರು ಹೆಸರು, ಹಾಜರಿ ಹೇಳಾವ್ರು ಯಾರ್ರಿ?” ಎಂದರು ಗುರಲಿಂಗಪ್ಪನವರು.

“ಅವರು ಬಿಡತಾರ. ಮಾತು ಬಿಡಬೇಕಲ್ಲ?” ಹನಮವ್ವ ಕೋಲು ಕುಟ್ಟಿದಳು. “ಹುಟ್ಟೂ ಹೊತ್ತಿನ್ಯಾಗ ಆಡಿದ ಮಾತು ಕೂಸಿನ ನೆತ್ತಿ ಮ್ಯಾಲ ಕುಂತಿರತೈತಿ. ಅದನ್ನ ಇಳಸಾಕ ಒಂದ ದಾರಿ. ಕೂಸನ್ನ ಮಾರಿಬಿಡ್ರಿ. ಮಾರಿದ ಕೂಸಿಗೆ ಹಿಂದಿನ ಮಾತು ಹತ್ತೂದಿಲ್ಲ. ಮೂವರೂ ಕೂಡಿ ಕೊಳ್ಳತಾರ, ಕೊಂಡು ನಿಮಗ ಸಾಕಾಕ ಕೊಡತಾರ.”

ತೌಡಪ್ಪ ಓಡಿ ಹೋಗಿ ಮೂವರ ಕಾಲಿಗೂ ಬಿದ್ದ. ಏಳುವಾಗ ಕನಕಪ್ಪನೇ ಅವನ ಕೈ ಹಿಡಿದೆತ್ತಿದ. ಇಂಥ ಮಂದಿಯ ನಡುವೆ ಹುಟ್ಟಿದ್ದೇ ಪುಣ್ಯ ಎಂದು ಅವನಿಗೆ ಅನ್ನಿಸಿತು. ಎದೆಯೊಳಗೆ ಪ್ರಶಾಂತ, ಪ್ರಶಾಂತ ಎಂದು ಗಂಟೆ ಬಾರಿಸತೊಡಗಿತು.

ಸತ್ಯವ್ವ ಕೂಸನ್ನು ಮೊರದಲ್ಲಿಟ್ಟಳು. ಸುಭಾನಸಾಬ ಕುದುರೆಯ ಬಾಯಿಗೆ ಕಟ್ಟುವ ಮೇವಿನ ಚೀಲ ತಂದು, ಅದರಲ್ಲಿದ್ದುದನ್ನು ಬೊಗಸೆ ತುಂಬ ತೆಗೆದು ಇನ್ನೊಂದು ಮೊರಕ್ಕೆ ಸುರಿದ. ಮೂವರೂ ಮೊರಕ್ಕೆ ಕೈ ಹಚ್ಚಿದರು. ಕೂಸು ಆ ಕಡೆ ಹೋಯಿತು, ಮೇವು ಈ ಕಡೆ ಬಂತು. ಮರುಗಳಿಗೆ ಕೂಸು ತಾಯಿಯ ಮಡಿಲಿಗೆ ತಿರುಗಿ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಇನ್ನ ಕರಿ ಸಾವಂತ್ರಿ,” ಎಂದ ತೌಡಪ್ಪ. “ಪ್ರಶಾಂತ.”

“ಯಾವ ಪ್ರಶಾಂತನೋ?” ಎಂದಳು ಹನಮವ್ವ. “ಏನು ಕೊಟ್ಟು ಕೊಂಡರೋ ಅದರ ಹೆಸರು. ಮೊರದಾಗ ಏನೈತಿ ನೋಡು.”

ತೌಡಪ್ಪ ನೋಡಿದ. ಕುದುರೆಯ ಮೇವು. ತೌಡು.

“ತೌಡಪ್ಪ!” ಎಂದು ಹೆಂಗಸರು ಒಂದೇ ಉಸಿರಿಗೆ ಕೂಗಿದರು. “ತೌಡಪ್ಪನ ಮಗ ತೌಡಪ್ಪ!”

ತೌಡಪ್ಪನ ಕಣ್ಣಮುಂದೆ ರಜಿಸ್ಟರಿನ ಹಾಳೆ ತೆರೆದುಕೊಂಡಿತು. ಹುಡುಗನ ಹೆಸರು ತೌಡಪ್ಪ, ತಂದೆಯ ಹೆಸರು ತೌಡಪ್ಪ. ಆಗ ಹೊಸ್ತಿಲ ಬಳಿಯಿಂದ ಸತ್ಯವ್ವ ಮೆಲ್ಲಗೆ ಹೇಳಿದಳು:

“ಆಯಿ, ಅದು ಮನಿಯವರ ಹೆಸರು. ನಾ ಬಾಯಿಲೆ ಹೆಂಗ ಹೇಳ್ಲಿ? ಮಗನ್ನ ಊಟಕ್ಕ ಕರಿಯೂದ ಹೆಂಗ?”

ಗಂಡನ ಹೆಸರು ಹೇಳದ ಹೆಣ್ಣುಮಗಳು ಮಗನನ್ನು ಹೇಗೆ ಕರೆದಾಳು? ತೌಡಪ್ಪ ಮದುವೆಯಾದಂದಿನಿಂದ ಹೆಂಡತಿಯನ್ನು ಅಷ್ಟು ಪ್ರೀತಿಯಿಂದ ನೋಡಿರಲಿಲ್ಲ. ಬಾಯಿ ತೆರೆದು “ಹಂಗಾರ ಪ್ರಶಾಂ...” ಎನ್ನುವಷ್ಟರಲ್ಲಿ ಹನಮವ್ವ ಮೊರವನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ತೌಡನ್ನು ಕೆದಕಿದಳು.

“ತಡೀರಿ. ಇದರಾಗ ಹುರಳಿನೂ ಅದಾವ.”

ಹುರಳೆಪ್ಪ ಎಂದು ಸಾವಂತ್ರವ್ವ ಗಟ್ಟಿಯಾಗಿ ಕರೆದಳು. ಯಾರಾದರೂ ಗುದ್ದುವ ಮೊದಲೇ ಗೋಡೆಗೆ ಬೆನ್ನು ಹಚ್ಚಿ ನಿಂತು ಕರೆದಳು. ಗುಗ್ಗರಿ ಹಂಚಿದರು. ಮೂವರು ಹಿರಿಯರೂ ಕೂಸು ತಮ್ಮದೆಂಬಂತೆ ಸರದಿಯ ಮೇಲೆ ಎತ್ತಿಕೊಂಡರು.

“ಅಪ್ಪ ತೌಡು, ಮಗ ಹುರಳಿ,” ಎಂದ ಸುಭಾನಸಾಬ ಹೊರಡುವಾಗ. “ನನ್ನ ಕುದುರಿ ಊಟ ಪೂರಾ ಆತು ನೋಡಪಾ.”

ಹೊರಗೆ ಕುದುರೆ ಕೆನೆಯಿತು.

ಸಂಜೆ ತೌಡಪ್ಪ ಹನಮವ್ವನಿಗೆ ಹೋಳಿಗೆ ಕಟ್ಟಿಕೊಂಡು ಅವಳ ಕೈಹಿಡಿದು ಮನೆಗೆ ಬಿಡಲು ಹೋದ. ಅವಳು ತನ್ನ ಕಟ್ಟೆಯ ಮೇಲೆ ಕುಳಿತು ಅವನ ಮುಖ ನೋಡಿದಳು.

“ಮಾರಿ ಯಾಕ ಸಣ್ಣದಾಗೇತಿ? ಹುರಳಿ ಚಲೋ ಕಾಳಲ್ಲೇನೋ?”

“ಚಲೋ ಕಾಳ ಆಯಿ. ಆದರ ಮಂದಿ ನಗತಾರ. ನನಗ ಮೂವತ್ತನಾಕು ವರ್ಷ ನಕ್ಕಾರ.”

ಹನಮವ್ವ ಹೋಳಿಗೆಯ ಗಂಟನ್ನು ಪಕ್ಕಕ್ಕಿಟ್ಟಳು.

“ತೌಡ್ಯಾ, ಒಂದ ಮಾತು. ಸಾಯೂದರಾಗ ಹೇಳಬೇಕಂತ ಇತ್ತು. ಅವತ್ತ ನಮ್ಮ ಮನ್ಯಾಗ ತೌಡು ಎಲ್ಲಿತ್ತೋ? ಆ ವರ್ಷ ಮಂದಿಗೇ ಕಾಳಿರಲಿಲ್ಲ. ನಸಿಕಿನ್ಯಾಗ ನಾ ದನದ ಕೊಟಗಿ ಬಳ್ಯಾಕತ್ತಿದ್ದೆ. ನಿಮ್ಮವ್ವ ಹಸೀ ಬಾಣಂತಿ, ಮೊರ ಹಿಡಕೊಂಡು ಓಡಿ ಬಂದ್ಲು. ‘ಹೊತ್ತು ಮೂಡೂದರಾಗ ಮಾರಬೇಕು, ಕೈಯಾಗಿದ್ದದ್ದು ಕೊಡವ್ವಾ’ ಅಂದ್ಲು. ಕೈಯಾಗಿದ್ದದ್ದ ಒಂದ ಬೊಗಸಿ ಕೊಟ್ಟೆ.”

ತೌಡಪ್ಪ ಅವಳ ಕೈಗಳನ್ನು ನೋಡಿದ. “ಏನಿತ್ತ ಆಯಿ, ಕೈಯಾಗ?”

“ಕೊಟಗಿ ಬಳಿಯೂವಾಕಿ ಕೈಯಾಗ ಏನಿರತೈತೋ? ಹೆಂಡಿ.”

ಸಗಣಿ! ತೌಡಪ್ಪ ಕಟ್ಟೆಯ ಮೇಲೆ ಕುಸಿದ.

“ನೇಮದ ಪ್ರಕಾರ ನಿನಗ ಹೆಂಡೆಪ್ಪಂತ ಕರೀಬೇಕಿತ್ತು. ನಿಮ್ಮವ್ವನ ಮಾರಿ ನೋಡಿದೆ. ಮೂರು ಕೂಸು ಮಣ್ಣ ಮಾಡಿದಾಕಿ. ಉಳದ ಒಂದು ಮಗನ್ನ ಬಾಗಲದಾಗ ನಿಂತು ಹಂಗ ಕರೀಬೇಕಾ ಅಂತ ಕರಳ ಚುರ್ ಅಂತು. ತೌಡು ಕೊಟ್ಟೆನಂತ ಓಣಿಗೆಲ್ಲಾ ಹೇಳಿದೆ. ಆಕಿ ಸಾಯೂತನಾ ನನ್ನ ಕೈ ಹಿಡದು, ‘ನನ್ನ ಮಗಗ ಚಂದ ಹೆಸರ ಕೊಟ್ಟಿ ಯವ್ವಾ’ ಅಂತಿದ್ಲು.”

ಚಂದದ ಹೆಸರು. ತೌಡಪ್ಪ ಆ ಮುದುಕಿಯ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡ. ಮರುಕ್ಷಣ ಒಂದು ವಿಚಾರ ಹೊಳೆದು ಅವನು ಥಟ್ಟನೆ ಎದ್ದು ನಿಂತ. ನೇಮ ಮುರಿದಿತ್ತು! ಕೊಂಡದ್ದು ಒಂದು, ಕರೆದದ್ದು ಇನ್ನೊಂದು. ಆದರೂ ತಾನು ಮೂವತ್ತನಾಲ್ಕು ವರ್ಷ ಗಟ್ಟಿಮುಟ್ಟಾಗಿ ಬದುಕಿಲ್ಲವೇ? ಹಾಗಾದರೆ ಮಗನಿಗೂ ಹುರಳಿ ಬೇಕಿಲ್ಲ. ಈಗಲೇ ಓಡಿ ಹೋಗಿ ಎಲ್ಲರನ್ನೂ ಕೂಡಿಸಿ, ನೇಮ ಸುಳ್ಳು, ಅದಕ್ಕೆ ಸಾಕ್ಷಿ ನಾನೇ ಎಂದರೆ ಆಯಿತು. ಪ್ರಶಾಂತ!

ಎರಡು ಹೆಜ್ಜೆ ಇಟ್ಟ. ಮೂರನೆಯದು ಏಳಲಿಲ್ಲ. ಸಾಕ್ಷಿ ಏನೆಂದು ಕೇಳಿದರೆ ಹೇಳಬೇಕಲ್ಲ. ಎದುರಿಗೆ ಸುಭಾನಸಾಬ ಟಾಂಗಾ ಒರೆಸುತ್ತಿದ್ದ. ಸಾವಂತ್ರವ್ವ ನಾಳೆ ಬೇವೂರಿನ ಬಸ್ಸು ಹತ್ತಿದರೆ ಪ್ರತಿಯೊಂದು ಸ್ಟಾಪಿನಲ್ಲೂ ಸುದ್ದಿ ಇಳಿಯುತ್ತದೆ. ಸೋಮವಾರ ಹೈಸ್ಕೂಲು ತೆರೆಯುತ್ತದೆ.

“ಆಯಿ, ಇದು ಇನ್ನ್ಯಾರಿಗೆ ಗೊತ್ತೈತಿ?”

“ನಿನಗ, ನನಗ, ನಮ್ಮ ಎಮ್ಮಿಗೆ. ಎಮ್ಮಿ ಸತ್ತ ಇಪ್ಪತ್ತು ವರ್ಷ ಆತು.”

ಬೇವಿನ ಕಟ್ಟೆಯ ಮರೆಯಿಂದ ಎಂದಿನ ಹುಡುಗ ಕೂಗಿದ. “ತೌಡಪ್ಪ ಸರ್, ಎಮ್ಮಿ ಬಂತ್ರೀ!”

ತೌಡಪ್ಪ ನಿಂತು ಕೇಳಿದ. ತನ್ನ ಹೆಸರು ಇಷ್ಟು ಇಂಪಾಗಿದೆ ಎಂದು ಅವನಿಗೆ ಇಂದಿನವರೆಗೆ ತಿಳಿದಿರಲಿಲ್ಲ.

“ಬರಲಿ ಬಿಡಪಾ,” ಎಂದ. “ಇನ್ನೊಮ್ಮೆ ಕರಿ.”

ಮನೆಯಲ್ಲಿ ಸತ್ಯವ್ವ ತೊಟ್ಟಿಲು ತೂಗುತ್ತಿದ್ದಳು. ಕೂಸು ಕರಿಕಂಬಳಿಯಲ್ಲಿ ಬೆಚ್ಚಗೆ ಮಲಗಿತ್ತು. ತೊಟ್ಟಿಲಿಗೆ ಕಟ್ಟಿದ ಕುದುರೆಯ ಗೆಜ್ಜೆ ಪ್ರತಿ ತೂಗಿಗೂ ಒಮ್ಮೆ ಘಲ್ ಎನ್ನುತ್ತಿತ್ತು.

“ಆಯಿ ಇಷ್ಟೊತ್ತು ಏನ ಹೇಳಿದ್ಲು?”

“ಏನಿಲ್ಲ,” ಎಂದ ತೌಡಪ್ಪ. “ಹುರಳಿ ಭಾಳ ಚಲೋ ಕಾಳಂತ.”

ಬಗ್ಗಿ ಮಗನ ಕಿವಿಯ ಹತ್ತಿರ ಬಾಯಿ ಒಯ್ದ. ಒಂದು ಗಳಿಗೆ ತಡೆದ. ಆಮೇಲೆ ಬಾಯಿ ಮುಚ್ಚಿಕೊಂಡು ಸರಿದು ಕುಳಿತ. ಆ ಗುಟ್ಟು ಇವನಿಗೂ ಬೇಡ. ಎರಡು ವರ್ಷಕ್ಕೆ ಮಾತು ಬರುತ್ತದೆ.